ಇನ್ನೂರ ಹದಿನೇಳನೆಯ ನಿಯಮ

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಹೇಳಿದಳು ಅನ್ನಿಸಿಕೊಳ್ಳುವುದು ಬೇಡ. ಇನ್ನೂರ ಹದಿನೇಳನೆಯ ನಿಯಮವನ್ನು ನನ್ನ ಗಂಡ ಹೇಳಲಿಲ್ಲ. ಹೇಳಿದವನು ನಮ್ಮಣ್ಣ, ಬರೆದವಳು ನಾನು. ಈ ಮಾತನ್ನು ನಂಬಬೇಕಾದವರು ಲೋಕದಲ್ಲಿ ಒಬ್ಬರೇ ಒಬ್ಬರು, ನನ್ನ ಗಂಡ. ಅವರು ನಂಬದ ಮೇಲೆ ಮಿಕ್ಕವರಿಗೆ ಹೇಳಿ ಏನು ಬಂತು? ಆದರೂ ಹೇಳುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಹದಿನಾಲ್ಕು ವರ್ಷವಾಯಿತು, ಇನ್ನು ನನ್ನ ಕೈಲಾಗದು.

ನಮ್ಮಣ್ಣ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ವಿದ್ಯಾರ್ಥಿಗಳು ಅವನಿಗೆ ಇಟ್ಟ ಹೆಸರು ‘ಆದರೆ ಮೇಷ್ಟ್ರು’. ಹೀಗಾದರೆ ಹಾಗೆ, ಹಾಗಾಗದಿದ್ದರೆ ಹೀಗೆ ಅನ್ನದೆ ಅವನ ಬಾಯಿಂದ ಒಂದು ವಾಕ್ಯ ಹೊರಡುತ್ತಿರಲಿಲ್ಲ. “ಇವರನ್ನ ಬದನೆಕಾಯಿ ತರೋಕೆ ಕಳಿಸಿದ್ರೆ, ಬದನೆಕಾಯಿ ಇಲ್ದಿದ್ರೆ ಏನು, ಇದ್ದೂ ಹುಳುಕಾಗಿದ್ರೆ ಏನು ಅಂತ ನಾಲ್ಕು ಸಲ ಕೇಳಿಕೊಂಡು ಹೋಗಿ, ಕೊನೆಗೆ ಬರಿಗೈಲಿ ಬರ್ತಾರೆ” ಎಂದು ಅತ್ತಿಗೆ ನಗುತ್ತಿದ್ದರು. ಆಗ ನಾವೂ ನಗುತ್ತಿದ್ದೆವು. ಅವನು ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಕೆಟ್ಟವನಾಗಿದ್ದರೆ ಸುಲಭವಾಗಿತ್ತು, ಬಾಗಿಲು ಹಾಕಿಕೊಂಡು ಒಳಗಿರಬಹುದಿತ್ತು.

ನಲವತ್ತು ದಾಟಿದ ಮೇಲೆ ಅವನಿಗೆ ಡಾಕ್ಟರೇಟ್ ಮಾಡುವ ಹುಚ್ಚು ಹಿಡಿಯಿತು. ಯಂತ್ರಕ್ಕೆ ಬುದ್ಧಿ ಕಲಿಸುವ ವಿದ್ಯೆ ನಮ್ಮ ಕಡೆ ಆಗ ಹೊಸದು. ಅದರಲ್ಲಿ ಅವನು ಆರಿಸಿಕೊಂಡಿದ್ದು ಪರಿಣತರ ತಲೆಯಲ್ಲಿರುವುದನ್ನು ಒಂದೊಂದೇ ನಿಯಮವಾಗಿ ಬಿಡಿಸಿ ಕಂಪ್ಯೂಟರಿಗೆ ತುಂಬುವ ಕೆಲಸ. ಇಂಥದ್ದಾದರೆ ಇಂಥದ್ದು ಮಾಡು ಎಂಬ ನಿಯಮಗಳು ಸಾಕಷ್ಟು ಸೇರಿದರೆ, ಪರಿಣತ ಎದುರಿಗಿಲ್ಲದಿದ್ದರೂ ಯಂತ್ರ ಅವನ ಹಾಗೆಯೇ ಸಲಹೆ ಕೊಡುತ್ತದಂತೆ. ಹುಟ್ಟಿದಾಗಿನಿಂದ ‘ಆದರೆ’ ಅನ್ನುತ್ತಿದ್ದವನಿಗೆ ಹೇಳಿ ಮಾಡಿಸಿದ ವಿಷಯ.

ಅವನದೇ ಅನ್ನುವ ಒಂದು ಹೊಸ ಯೋಚನೆಯೂ ಅದರಲ್ಲಿತ್ತು. ಅವನ ಯಂತ್ರಕ್ಕೆ ‘ಏಕೆ?’ ಎಂದು ಕೇಳಬಹುದಿತ್ತು. ಕೇಳಿದರೆ ಅದು ನಿಯಮದ ಸಂಖ್ಯೆ, ಅದನ್ನು ಹೇಳಿದವರು ಯಾರು, ಅವರಿಗೆ ಎಷ್ಟು ವರ್ಷದ ಅನುಭವ, ಹತ್ತಕ್ಕೆ ಎಷ್ಟು ಖಾತ್ರಿ, ಎಲ್ಲವನ್ನೂ ಹೇಳುತ್ತಿತ್ತು. ‘ಹೇಳಿದವರು’ ಎಂಬ ಜಾಗ ಖಾಲಿ ಇದ್ದರೆ ಯಂತ್ರ ಆ ನಿಯಮವನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಜಾಗದಲ್ಲಿ ಯಾರ ಯಾರ ಹೆಸರನ್ನೋ ಹಾಕುವ ಹಾಗೂ ಇರಲಿಲ್ಲ. ಇಪ್ಪತ್ತು ವರ್ಷ ಆ ಕೆಲಸ ಮಾಡಿದವರ ಹೆಸರೇ ಆಗಬೇಕು. “ಬೇನಾಮಿ ಜ್ಞಾನಕ್ಕೆ ನನ್ನ ಯಂತ್ರದಲ್ಲಿ ಜಾಗ ಇಲ್ಲ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಈ ಬೇಲಿಯನ್ನು ಹಾಕಿದವನು ಅವನೇ, ಇದನ್ನು ನೆನಪಿಟ್ಟುಕೊಳ್ಳಿ.

ಪರಿಣತ ಬೇಕಲ್ಲ, ಅದಕ್ಕೆ ನಮ್ಮ ಮನೆಗೆ ಬಂದ. ನಮ್ಮ ಯಜಮಾನರು ಪೇಪರ್ ಮಿಲ್ಲಿನಲ್ಲಿ ಬಾಯ್ಲರ್ ಫೋರ್‌ಮನ್. ಕಲ್ಲಿದ್ದಲು ಎತ್ತಿ ಹಾಕುವವರಾಗಿ ಸೇರಿ, ಪರೀಕ್ಷೆ ಕಟ್ಟಿ, ಸರ್ಟಿಫಿಕೇಟು ಪಡೆದು, ಇಪ್ಪತ್ತಾರು ವರ್ಷ ಆ ಬಾಯ್ಲರಿನ ಮುಂದೆ ಕಳೆದವರು. ಆ ಸರ್ಟಿಫಿಕೇಟು ನಡುಮನೆಯ ಗೋಡೆಯ ಮೇಲೆ, ನಮ್ಮ ಮದುವೆಯ ಫೋಟೋದ ಪಕ್ಕದಲ್ಲೇ ಇತ್ತು, ಫೋಟೋಗಿಂತ ಒಂದು ಬೆರಳು ಮೇಲೆ. ಶಾಲೆಯ ಹತ್ತು ಮೆಟ್ಟಿಲೂ ಹತ್ತದವರಿಗೆ ಕಾಲೇಜಿನ ಮೇಷ್ಟ್ರು ಮನೆಗೆ ಬಂದು ಪುಸ್ತಕ ತೆರೆದು “ನಿಮಗೆ ಗೊತ್ತಿರೋದನ್ನ ಹೇಳಿ ಭಾವ, ನಾನು ಕಲೀತೀನಿ” ಅಂದರೆ ಹೇಗಾಗಬೇಡ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಮ್ಮಣ್ಣನಿಗೆ ಹಿತ್ತಲ ಗಿಡವೇ ಮದ್ದಾಯಿತು. ಇವರು ಆವತ್ತಿನಿಂದ ಭಾನುವಾರ ಬಂತೆಂದರೆ ಊಟ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಸ್ವಂತ ಮನೆಯಲ್ಲಿ, ಸ್ವಂತ ಭಾವಮೈದನಿಗೋಸ್ಕರ!

ಎರಡು ವರ್ಷದ ಭಾನುವಾರಗಳು. ಅಣ್ಣನ ಅಕ್ಷರ ಕೋಳಿ ಕೆದರಿದ ಹಾಗೆ, ಅವನಿಗೇ ಮಾರನೆಯ ದಿನ ಓದಲು ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗೆ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಹಾಳೆಗೆ ಒಂದು ನಿಯಮ. ಮೇಲೆ ಸಂಖ್ಯೆ, ನಡುವೆ ನಿಯಮ, ಕೆಳಗೆ ‘ಹೇಳಿದವರು’. ತಾರೀಖು ಹಾಕುವ ಪದ್ಧತಿ ಇರಲಿಲ್ಲ. ಕಂಪ್ಯೂಟರಿಗೆ ಹತ್ತಿಸಿದ ದಿನ ಹೇಗಿದ್ದರೂ ಅದೇ ಗುರುತು ಮಾಡಿಕೊಳ್ಳುತ್ತದೆ ಎಂದು ಅಣ್ಣ ಹೇಳಿದ್ದ.

“ಹೊಗೆ ಕಪ್ಪಗೆ ಬಂದ್ರೆ?”

“ಗಾಳಿ ಕಮ್ಮಿ ಆಗಿದೆ ಅಂತ.”

“ಹತ್ತಕ್ಕೆ ಎಷ್ಟು ಖಾತ್ರಿ ಭಾವ?”

“ಹತ್ತಕ್ಕೆ ಹತ್ತು ಅನ್ನೋನು ಬಾಯ್ಲರ್ ಮುಂದೆ ನಿಲ್ಲಬಾರ್ದು ಮೇಷ್ಟ್ರೇ. ಎಂಟು ಹಾಕ್ಕೊಳ್ಳಿ. ಇದ್ದಲು ಒದ್ದೆ ಇದ್ರೂ ಹಾಗೇ ಬರತ್ತೆ.”

ಹೀಗೆ. ಇವರು ಮಾತು ಕಮ್ಮಿ ಆಡುವ ಮನುಷ್ಯ, ಆದರೆ ಬಾಯ್ಲರಿನ ಸುದ್ದಿ ಬಂದರೆ ನಾಲಿಗೆಗೆ ಕಾಲು ಬರುತ್ತಿತ್ತು. ನೀರು ಕಮ್ಮಿಯಾದರೆ ಕೂಗುವ ಅಲಾರಂ ಒಂದಿತ್ತು, ಅದಕ್ಕೆ ಇವರು ಇಟ್ಟ ಹೆಸರು ‘ಬಾಯಿಬಡುಕಿ’. “ಸುಮ್‌ಸುಮ್ನೆ ಕೂಗತ್ತೆ ಅದು, ನಿಮ್ಮ ತಂಗಿ ಥರ” ಎಂದು ನನ್ನ ಕಡೆ ನೋಡಿ ನಗುತ್ತಿದ್ದರು. ಅದು ತಮಾಷೆಯ ಮಾತು. ತಮಾಷೆಯನ್ನು ನಾನು ಹಾಳೆಯ ಮೇಲೆ ಬರೆಯುತ್ತಿರಲಿಲ್ಲ.

ಎರಡನೆಯ ವರ್ಷದ ಕೊನೆಯಲ್ಲಿ ಮಿಲ್ಲಿನವರು ಇವರನ್ನು ಆರು ವಾರಕ್ಕೆ ದೂರದ ಊರಿಗೆ ಕಳಿಸಿದರು. ಅಲ್ಲಿ ಅವರದೇ ಇನ್ನೊಂದು ಮಿಲ್ಲಿನಲ್ಲಿ ಹೊಸ ಬಾಯ್ಲರ್ ಕೂರಿಸುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಅಣ್ಣನ ಗೈಡು ಪಟ್ಟಿಯೊಂದನ್ನು ಅವನ ಮುಂದೆ ಒಗೆದರು. ಅವರು ಹನ್ನೊಂದು ಜನ ವಿದ್ಯಾರ್ಥಿಗಳಿಗೆ ಗೈಡು, ಒಬ್ಬರದನ್ನೂ ಪೂರ್ತಿ ಓದಿದವರಲ್ಲ, ಆದರೆ ಪಟ್ಟಿಯಲ್ಲಿ ಖಾಲಿ ಮನೆ ಇದ್ದರೆ ಮಾತ್ರ ಅವರ ಕಣ್ಣಿಗೆ ತಕ್ಷಣ ಬೀಳುತ್ತಿತ್ತು. ಹನ್ನೊಂದು ಮನೆ ಖಾಲಿ ಇದ್ದವು. ತಿಂಗಳೊಳಗೆ ತುಂಬಿ ತರದಿದ್ದರೆ ಮುಂದಿನ ವರ್ಷ ನೋಡೋಣ ಅಂದರಂತೆ.

ಅಣ್ಣ ಬಂದು ಹಾಳೆಗಳನ್ನು ನನ್ನ ಮುಂದೆ ಇಟ್ಟ.

“ಹನ್ನೊಂದೇ ಹನ್ನೊಂದು. ನಾನು ಹೇಳ್ತೀನಿ, ನೀನು ಬರಿ.”

“ಅವರು ಬರ್ಲಿ ಅಣ್ಣ, ಇನ್ನು ಮೂರು ವಾರ.”

“ಅವರು ಬಂದ ಮೇಲೆ ತೋರಿಸಿ ಸರಿ ಮಾಡ್ತೀನಿ. ಎರಡು ವರ್ಷ ಕೇಳಿದೀನಿ, ಭಾವ ಏನು ಹೇಳ್ತಾರೆ ಅಂತ ನಂಗೆ ಗೊತ್ತಿಲ್ವಾ?”

“ಹಾಗಾದ್ರೆ ನಿನ್ನ ಹೆಸರು ಹಾಕ್ಕೋ.”

“ನನ್ನ ಹೆಸರು ಅದು ತಗೊಳ್ಳಲ್ಲ ಕಣೇ” ಅಂದ. ಹೇಳುವಾಗ ಅವನಿಗೇ ನಗು ಬಂತು.

ಬರೆದೆ. ಹನ್ನೊಂದನ್ನೂ ಬರೆದೆ, ದುಂಡಗೆ. ಹತ್ತರಿಂದ ಯಾರಿಗೂ ಏನೂ ಆಗಲಿಲ್ಲ. ಹನ್ನೊಂದನೆಯದು ಇನ್ನೂರ ಹದಿನೇಳು. ನೀರು ಕಮ್ಮಿಯಾಗಿದೆ ಎಂದು ಅಲಾರಂ ಕೂಗಿ, ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ಮಾತ್ರ ನೀರು ಅರ್ಧದವರೆಗೆ ಕಂಡರೆ, ಅಲಾರಂ ಕೆಟ್ಟಿದೆ, ಅದನ್ನು ನಿಲ್ಲಿಸಿ ಕೆಲಸ ಮುಂದುವರಿಸಿ. ಖಾತ್ರಿ, ಹತ್ತಕ್ಕೆ ಎಂಟು. ಆ ಬಾಯಿಬಡುಕಿಯ ತಮಾಷೆಯಿಂದಲೇ ಅಣ್ಣ ಇದನ್ನು ಹೊಸೆದ ಎಂದು ನನಗೆ ಆಗಲೇ ಹೊಳೆಯಿತು. ಆದರೆ ನಾನು ಬಾಯ್ಲರ್ ನೋಡಿದವಳೇ ಅಲ್ಲ. ಮೇಷ್ಟ್ರು ಹೇಳುತ್ತಿದ್ದಾನೆ, ಸರಿಯೇ ಇರಬೇಕು ಅಂದುಕೊಂಡೆ.

ಇವರು ವಾಪಸು ಬಂದಾಗ ಅಣ್ಣ ಪ್ರಬಂಧ ಟೈಪು ಮಾಡಿಸುವ ಓಡಾಟದಲ್ಲಿದ್ದ. ಆಮೇಲೆ ಪರೀಕ್ಷಕರು ಬಂದರು, ಆಮೇಲೆ ಪದವಿ ಬಂತು. ತೋರಿಸಿ ಸರಿ ಮಾಡುವ ಭಾನುವಾರ ಬರಲೇ ಇಲ್ಲ. ನಾನು ಒಂದೆರಡು ಸಲ ನೆನಪಿಸಿದೆ, “ಆಯ್ತು ಬಿಡೇ” ಅಂದ. ನಾನೂ ಬಿಟ್ಟೆ.

ವರ್ಷ ಕಳೆಯುವುದರೊಳಗೆ ಮಿಲ್ಲಿನವರು ಆ ಕಂಪ್ಯೂಟರನ್ನು ಬಾಯ್ಲರ್ ಮನೆಯಲ್ಲಿ ಕೂರಿಸಿದರು. ಇವರನ್ನು ಸಲಹೆಗಾರ ಎಂದು ಹೆಸರಿಟ್ಟು ಆಫೀಸಿನ ಮೂಲೆಯಲ್ಲಿ ಒಂದು ಮೇಜಿನ ಹಿಂದೆ ಕೂರಿಸಿದರು. ಮೇಲಿನವರ ಲೆಕ್ಕಾಚಾರ ನನಗೆ ಅರ್ಥವಾಗಿತ್ತು. ಅನುಭವ ಇಲ್ಲದವರನ್ನೂ ಬಾಯ್ಲರ್ ಮುಂದೆ ನಿಲ್ಲಿಸಬಹುದು, ಗೊತ್ತಾಗದಿದ್ದರೆ ಯಂತ್ರವನ್ನು ಕೇಳುತ್ತಾರೆ. ಇವರಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. “ಈಗ ಮೂರು ಶಿಫ್ಟಲ್ಲೂ ನಾನೇ ಇದ್ದ ಹಾಗೆ ನೋಡೇ” ಅಂದರು. ಮೂರು ಶಿಫ್ಟಿನಲ್ಲೂ ಇವರ ಹೆಸರಿತ್ತು, ಅಷ್ಟೇ.

ಒಂದು ಬುಧವಾರ ಬೆಳಗಿನ ಶಿಫ್ಟು. ಬಾಯ್ಲರ್ ಮುಂದೆ ಇದ್ದವರು ನಲವತ್ತು ದಾಟಿದ ಮನುಷ್ಯ, ಪ್ಯಾಕಿಂಗ್ ವಿಭಾಗದಿಂದ ಹೊಸದಾಗಿ ವರ್ಗವಾಗಿ ಬಂದವರು. ಎಲ್ಲರೂ ಅವರನ್ನು ಪ್ಯಾಕಿಂಗಣ್ಣ ಅನ್ನುತ್ತಿದ್ದರು. ಹನ್ನೊಂದು ಗಂಟೆಗೆ ಅಲಾರಂ ಕೂಗಿತು. ನೋಡಿದರೆ ಗಾಜಿನಲ್ಲಿ ಅರ್ಧ ನೀರಿದೆ. ಅವರು ಯಂತ್ರವನ್ನು ಕೇಳಿದರು. ಅಲಾರಂ ನಿಲ್ಲಿಸಿ ಮುಂದುವರಿಸಿ ಅಂದಿತು. ಪ್ಯಾಕಿಂಗಣ್ಣ ಹುಷಾರಿನ ಮನುಷ್ಯ, ‘ಏಕೆ?’ ಎಂದೂ ಕೇಳಿದರು. ಹಸಿರು ಅಕ್ಷರದಲ್ಲಿ ನಿಯಮ 217 ಎಂದು ಬಂತು, ಅದರ ಕೆಳಗೆ ಇವರ ಹೆಸರು ಬಂತು, ಅನುಭವ ಇಪ್ಪತ್ತಾರು ವರ್ಷ ಎಂದು ಬಂತು. ಅವರು ಅಲಾರಂ ನಿಲ್ಲಿಸಿ, ಶಿಫ್ಟಿನ ಪುಸ್ತಕದಲ್ಲಿ ಬರೆದಿಟ್ಟರು.

ಗಾಜಿನ ಕೆಳಗಿನ ಕೊಳವೆಯಲ್ಲಿ ಕೆಸರು ಕಟ್ಟಿಕೊಂಡಿತ್ತಂತೆ. ಕಾಣುತ್ತಿದ್ದ ನೀರು ಸುಳ್ಳು ನೀರು, ಒಳಗೆ ಬಾಯ್ಲರ್ ಬರಿದಾಗುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಬಾಯ್ಲರಿನ ಟ್ಯೂಬು ನೀರಿಲ್ಲದೆ ಕಾದು ಒಡೆಯಿತು. ಮುಂದೆ ನಿಂತಿದ್ದ ಪ್ಯಾಕಿಂಗಣ್ಣನ ಮುಖಕ್ಕೇ ಹಬೆ ಹೊಡೆಯಿತು. ಆಫೀಸಿನಿಂದ ಓಡಿಹೋಗಿ ವಾಲ್ವ್ ಮುಚ್ಚಿದವರು ಇವರೇ, ಮೊಳಕೈವರೆಗೆ ಸುಟ್ಟುಕೊಂಡು. ಪ್ಯಾಕಿಂಗಣ್ಣನ ಎರಡೂ ಕಣ್ಣು ಹೋದವು.

ಸೋಮವಾರ ವಿಚಾರಣೆ ಎಂದು ಗೊತ್ತಾಯಿತು. ಇನ್ನೂರ ಹದಿನೇಳು ಎಂದು ಕೇಳಿದ ಕೂಡಲೇ ನನಗೆ ಆ ಹನ್ನೊಂದನೆಯ ಹಾಳೆ ನೆನಪಾಯಿತು. ಗುರುವಾರ ಕಾಲೇಜಿಗೇ ಹೋಗಿ ಅಣ್ಣನನ್ನು ಹಿಡಿದೆ. ಆಗಷ್ಟೇ ಅಲ್ಲಿ ಹೊಸ ವಿಭಾಗ ತೆರೆಯುವುದರಲ್ಲಿದ್ದರು, ಅವನೇ ಮುಖ್ಯಸ್ಥನಾಗುವ ಮಾತಿತ್ತು. ಬಾಗಿಲಿಗೆ ಹೊಸ ಬೋರ್ಡು ಅಳತೆ ಮಾಡುತ್ತಿದ್ದರು. ಅವನ ಮುಖ ಬಿಳಿಚಿಕೊಂಡಿತ್ತು.

“ಭಾವನಿಗೆ ಏನಾದ್ರೂ ಹೇಳಿದ್ಯಾ?”

“ಇಲ್ಲ. ಇವತ್ತು ಹೇಳ್ತೀನಿ.”

“ಬೇಡ. ನನ್ನ ತಪ್ಪು, ನಾನೇ ಹೇಳ್ಬೇಕು. ಸೋಮವಾರ ಎಲ್ಲರ ಮುಂದೆ ಹೇಳ್ತೀನಿ. ನೀನು ಮಧ್ಯೆ ಬಂದು ಹೇಳಿದ್ರೆ ನಾನು ಹೆದರಿ ಮುಚ್ಚಿಟ್ಟ ಹಾಗಾಗತ್ತೆ. ನಾಲ್ಕು ದಿನ ತಡ್ಕೋ ಕಣೇ, ನಿನ್ನ ಕಾಲಿಗೆ ಬೀಳ್ತೀನಿ.”

ಅಣ್ಣ ತಂಗಿಯ ಕಾಲಿಗೆ ಬೀಳುತ್ತೇನೆ ಅಂದರೆ ಏನು ಮಾಡುತ್ತೀರಿ? ನಾನು ಒಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಮಾಡಿದ ಕೆಟ್ಟ ಕೆಲಸ ಅದು, ಹಾಳೆ ಬರೆದದ್ದಕ್ಕಿಂತಲೂ ಕೆಟ್ಟದ್ದು.

ಆ ನಾಲ್ಕು ದಿನ ಇವರು ನಡುಮನೆಯ ಕುರ್ಚಿಯಲ್ಲಿ ಬ್ಯಾಂಡೇಜು ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದರು. ಮಿಲ್ಲಿನವರು ಆ ನಿಯಮದ ಅಚ್ಚು ತೆಗೆದು ಕೊಟ್ಟಿದ್ದರು. ಅದನ್ನು ಓದುವುದು, ಮಡಿಸುವುದು, ಮತ್ತೆ ಬಿಚ್ಚುವುದು. ಶನಿವಾರ ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ.

“ಏನೇ, ಗಾಜಿನ ಮೇಲೆ ಅನುಮಾನ ಬಂದ್ರೆ ಮೊದಲು ಅದರ ವಾಲ್ವ್ ಬಿಟ್ಟು ನೋಡ್ಬೇಕು. ನೀರು ಹೋಗಿ ಮತ್ತೆ ತುಂಬಿದ್ರೆ ನಿಜ, ಇಲ್ದಿದ್ರೆ ಸುಳ್ಳು. ನಾನು ದಿನಾ ಮಾಡ್ತಿದ್ದೆ ಅದನ್ನ. ದಿನಾ ಮಾಡ್ತಿದ್ದೆ ಅಂತ ಹೇಳೋಕೆ ಮರ್ತುಬಿಟ್ನಾ?”

ನಾನು ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡೆ.

“ಬಾಯಿಬಡುಕಿ, ಬಾಯಿಬಡುಕಿ ಅಂತ ಆಡ್ಕೊಂಡಿದ್ದು ನಿಜ. ಆದ್ರೆ ಅದನ್ನ ನಿಲ್ಲಿಸಿ ಅಂತ ಯಾವತ್ತು ಹೇಳ್ದೆ? ಬರೆದವಳು ನೀನಲ್ವಾ, ನಿಂಗೇನಾದ್ರೂ ನೆನಪಿದ್ಯಾ?”

“ಇಲ್ಲ” ಅಂದೆ.

ಒಂದೇ ಮಾತು. ಸೋಮವಾರ ಎಲ್ಲ ಸರಿಹೋಗುತ್ತದಲ್ಲ ಎಂಬ ಧೈರ್ಯದ ಮೇಲೆ ಹೇಳಿದ ಒಂದು ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ನೂರು ಸಲ ಹೇಳಿದ್ದಳು.

ವಿಚಾರಣೆ ಮಿಲ್ಲಿನ ಮೀಟಿಂಗ್ ಹಾಲಿನಲ್ಲಿ ನಡೆಯಿತು. ಉದ್ದನೆಯ ಮೇಜು, ಒಂದು ತುದಿಯಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರ್, ಪಕ್ಕದಲ್ಲಿ ಮಿಲ್ಲಿನ ಮ್ಯಾನೇಜರು. ಅಕ್ಷರ ಗುರುತಿಸಲು ನನ್ನನ್ನೂ ಕರೆಸಿದ್ದರು. ಅಣ್ಣ ಕೋಟು ಹಾಕಿಕೊಂಡು ಬಂದಿದ್ದ. ಮೊದಲು ಅವನನ್ನೇ ಕೇಳಿದರು.

“ನನ್ನ ವ್ಯವಸ್ಥೆಯಲ್ಲಿ ಪ್ರತಿ ನಿಯಮಕ್ಕೂ ಅದರ ಮೂಲ ದಾಖಲಾಗಿದೆ” ಅಂದ ಅಣ್ಣ. “ನಿಯಮಗಳನ್ನು ಸಂಗ್ರಹಿಸೋದಷ್ಟೇ ಸಂಶೋಧಕನ ಕೆಲಸ. ಮೂಲದಲ್ಲಿ ತಪ್ಪಿದ್ದರೆ ಅದು ಎಲ್ಲಿಂದ ಬಂತು ಅಂತ ತಿಳಿಯೋ ಹಾಗೆ ವ್ಯವಸ್ಥೆ ಮಾಡಿದೀನಿ. ಈ ಸಂದರ್ಭದಲ್ಲೂ ಅದು ತಿಳಿದಿದೆ.”

ಇಷ್ಟು ಹೇಳಿ ಕೂತ. ನಾನು ಕಾದೆ. ಇನ್ನೂ ಹೇಳುತ್ತಾನೆ, ಈಗ ಹೇಳುತ್ತಾನೆ ಅಂದುಕೊಂಡೆ. ಅವನು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ದಾನೆ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಅರ್ಥವಾಯಿತು. ಅಡ್ಡಗೋಡೆಯೂ ಇಲ್ಲ, ಮಣ್ಣೂ ಇಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿ ಕೂತಿತ್ತು.

ಇನ್‌ಸ್ಪೆಕ್ಟರ್ ನನ್ನ ಮುಂದೆ ಹಾಳೆ ಸರಿಸಿದರು. “ಇದು ನಿಮ್ಮ ಅಕ್ಷರವೇನಮ್ಮ?”

“ಹೌದು.”

“ಯಾರು ಹೇಳಿದ್ದನ್ನ ಬರೆದ್ರಿ?”

“ನಮ್ಮಣ್ಣ ಹೇಳಿದ್ದು. ಇವರು ಊರಲ್ಲೇ ಇರಲಿಲ್ಲ ಸಾರ್. ಆರು ವಾರ ಬೇರೆ ಮಿಲ್ಲಿಗೆ ಹೋಗಿದ್ರು. ಹನ್ನೊಂದು ನಿಯಮ ಖಾಲಿ ಇತ್ತು, ಅಣ್ಣನೇ ಹೇಳಿ ಬರೆಸ್ದ.”

ಇನ್‌ಸ್ಪೆಕ್ಟರ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. “ತಾರೀಖು ಎಲ್ಲಿದೆ?”

“ತಾರೀಖು ಹಾಕ್ತಿರಲಿಲ್ಲ. ಕಂಪ್ಯೂಟರಲ್ಲಿರೋದು ಹತ್ತಿಸಿದ ದಿನ, ಹೇಳಿದ ದಿನ ಅಲ್ಲ.”

ಅವರು ಅಣ್ಣನ ಕಡೆ ತಿರುಗಿದರು. ಅಣ್ಣ ನನ್ನನ್ನು ನೋಡಲಿಲ್ಲ. “ನನ್ನ ತಂಗಿ ತುಂಬ ನೊಂದಿದಾಳೆ ಸಾರ್. ಗಂಡನ ಸರ್ಟಿಫಿಕೇಟಿನ ಪ್ರಶ್ನೆ. ನಾನು ಅವಳನ್ನ ತಪ್ಪು ತಿಳಿಯಲ್ಲ” ಅಂದ. ಎಷ್ಟು ಮೆತ್ತಗೆ ಹೇಳಿದ ಅಂದರೆ, ನಾನೇ ಬೇರೆಯವಳಾಗಿದ್ದರೆ ಅವನನ್ನು ನಂಬುತ್ತಿದ್ದೆ.

ಇಷ್ಟಾದರೂ ಕೆಟ್ಟಿರಲಿಲ್ಲ. ನಾನು ಹಟ ಹಿಡಿಯುತ್ತಿದ್ದೆ, ಕೂಗುತ್ತಿದ್ದೆ, ಇವರು ದೂರದ ಊರಿನಲ್ಲಿದ್ದ ದಿನಗಳ ಹಾಜರಿ ತೆಗೆಸಿ ಎಂದು ಕಾಡುತ್ತಿದ್ದೆ. ಆದರೆ ಅಷ್ಟರಲ್ಲಿ ಇವರು ಎದ್ದು ನಿಂತರು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು.

“ಅವಳ ಮಾತು ಬರ್ಕೋಬೇಡಿ ಸಾರ್. ನಾನು ಹೇಳಿದ್ದನ್ನ ಅವಳು ಬರೆದಿದಾಳೆ, ಅಷ್ಟೇ. ಹೇಳಿದ್ದು ನಾನೇ.”

“ರೀ!” ಅಂದೆ.

“ಕೂತ್ಕೋ” ಅಂದರು. ಮದುವೆಯಾದಾಗಿನಿಂದ ಆ ದನಿಯಲ್ಲಿ ನನಗೆ ಮಾತಾಡಿದವರಲ್ಲ.

ಇನ್‌ಸ್ಪೆಕ್ಟರ್ ಮೂರು ಸಾಲು ಬರೆದುಕೊಂಡರು. ಮ್ಯಾನೇಜರು ಸದ್ದಿಲ್ಲದೆ ಫೈಲು ಮುಚ್ಚಿದರು. ಅಣ್ಣ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

ಮನೆಯ ಕಡೆ ನಡೆಯುತ್ತಾ ಇವರು ಅಂದರು, “ನನಗೋಸ್ಕರ ಒಡಹುಟ್ಟಿದವನ ಮೇಲೇ ಸುಳ್ಳು ಹೇಳೋಕೆ ಹೋದ್ಯಲ್ಲೇ. ಅವನ ಹೆಸರು, ಓದು, ಇಷ್ಟು ವರ್ಷದ ಕಷ್ಟ, ಎಲ್ಲ ಹಾಳಾಗ್ತಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೊಳಗೇ ಸಂತೋಷವಿತ್ತು, ಹೆಂಡತಿ ತನಗಾಗಿ ಇಷ್ಟು ಮಾಡಿದಳಲ್ಲ ಎಂದು. ಆ ಸಂತೋಷವನ್ನು ನೋಡಿ ನಾನು ರಸ್ತೆಯಲ್ಲೇ ನಿಂತುಬಿಟ್ಟೆ.

“ಸುಳ್ಳಲ್ಲ ರೀ. ನಿಮ್ಮಾಣೆಗೂ ಸುಳ್ಳಲ್ಲ.”

“ನಿಜ ಆಗಿದ್ರೆ ಶನಿವಾರ ಕೇಳಿದಾಗ ಯಾಕೆ ಹೇಳ್ಲಿಲ್ಲ?”

ನನ್ನ ಹತ್ತಿರ ಉತ್ತರವಿತ್ತು, ಹೇಳಿದೆ ಕೂಡ. ಅಣ್ಣ ಕಾಲಿಗೆ ಬೀಳುತ್ತೇನೆ ಅಂದ, ಸೋಮವಾರದವರೆಗೆ ತಡಿ ಅಂದ, ಎಲ್ಲವನ್ನೂ ಹೇಳಿದೆ. ಆ ಹೊತ್ತಿಗೆ ಅದೂ ಕಟ್ಟಿದ ಕಥೆಯ ಹಾಗೇ ಕೇಳಿಸಿತು. ಇವರು ನನ್ನ ಭುಜ ತಟ್ಟಿ, “ಆಯ್ತು ಬಿಡು” ಅಂದರು. ಇವರ ಯೋಚನೆ ನೇರ. ಹೆಂಡತಿಯ ಅಕ್ಷರ ಕಣ್ಣೆದುರಿಗಿದೆ, ಮೇಷ್ಟ್ರು ಹೌದು ಅನ್ನುತ್ತಾನೆ, ಯಂತ್ರ ತನ್ನ ಹೆಸರನ್ನೇ ಹೇಳುತ್ತಿದೆ. ಮರೆತಿರುವುದು ತಾನೊಬ್ಬನೇ ಅಂದಮೇಲೆ ತಪ್ಪು ತನ್ನದೇ ಇರಬೇಕು.

ಸರ್ಟಿಫಿಕೇಟು ರದ್ದಾಯಿತು. ವಾಪಸು ಕೊಡಬೇಕಾಗಿ ಬಂದಾಗ ಇವರೇ ಕಟ್ಟಿನಿಂದ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಕವರಿನಲ್ಲಿ ಹಾಕಿ ಕೊಟ್ಟುಬಂದರು. ಮಿಲ್ಲಿನವರು ಮನೆಗೆ ಕಳಿಸಿದರು. ಆಮೇಲೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಸ್ಕ್ರೂ ತೂಗುವ ಕೆಲಸ ಮಾಡಿದರು. ಅದಕ್ಕೆಲ್ಲ ನಾನು ಅಳಲಿಲ್ಲ.

ಅಳು ಬಂದದ್ದು ಭಾನುವಾರಗಳಿಗೆ. ಯಾವ ಭಾನುವಾರ ಮಧ್ಯಾಹ್ನ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದರೋ, ಅದೇ ಭಾನುವಾರ ಬೆಳಗ್ಗೆ ಕತ್ತಿ, ಸೋಪು, ಬ್ರಷ್ಷು ಚೀಲದಲ್ಲಿ ಹಾಕಿಕೊಂಡು ಪ್ಯಾಕಿಂಗಣ್ಣನ ಮನೆಗೆ ಹೋಗಿ ಅವರಿಗೆ ಶೇವ್ ಮಾಡಿಬರುವುದು. ಸುಟ್ಟ ಚರ್ಮ, ಏರುತಗ್ಗು, ಅಭ್ಯಾಸ ಇಲ್ಲದ ಕೈಗೆ ಗಾಯವಾಗುತ್ತದೆ. ಇವರು ಒಂದು ದಿನವೂ ರಕ್ತ ಬರಿಸಲಿಲ್ಲವಂತೆ. ಮೊದಲ ದಿನ ಕ್ಷಮೆ ಕೇಳಿದ್ದಕ್ಕೆ ಪ್ಯಾಕಿಂಗಣ್ಣ, “ನಾನೂ ಅಲಾರಂನ ಸುಮ್ನೆ ನಿಲ್ಲಿಸ್ತಿರಲಿಲ್ಲ ಸಾರ್. ಏಕೆ ಅಂತ ಕೇಳ್ದೆ, ನಿಮ್ಮ ಹೆಸರು ಬಂತು. ನಿಮ್ಮ ಹೆಸರು ಬಂದ ಮೇಲೆ ಇನ್ನೇನು ಅಂತ ನಿಲ್ಲಿಸ್ದೆ” ಅಂದರಂತೆ. ಸಿಟ್ಟಿನಿಂದ ಹೇಳಿದ್ದಲ್ಲವಂತೆ. ಇವರು ಮನೆಗೆ ಬಂದು ಅದನ್ನು ನನಗೆ ಹೇಳಿ, ಊಟ ಬಿಟ್ಟು ಮಲಗಿಕೊಂಡರು.

ನಾನು ಬಿಟ್ಟವಳಲ್ಲ. ವರ್ಷಕ್ಕೊಮ್ಮೆಯಾದರೂ ಆ ವಿಷಯ ಎತ್ತುತ್ತಿದ್ದೆ. ಇವರು ಮಕ್ಕಳನ್ನು ಸಮಾಧಾನ ಮಾಡುವ ಹಾಗೆ ನಗುತ್ತಿದ್ದರು. ನನ್ನ ಸತ್ಯ ನಮ್ಮ ಮನೆಯಲ್ಲಿ ಹೆಂಡತಿಯ ಪ್ರೀತಿ ಎಂಬ ಹೆಸರಿನಲ್ಲಿ ಬಾಳಿತು.

ಅಣ್ಣನಿಗೆ ಬೋರ್ಡು ಬಂತು, ಕುರ್ಚಿ ಬಂತು. ಕೈ ಕೆಸರಾದರೆ ಬಾಯಿ ಮೊ‌ಸರು ಅನ್ನುತ್ತಾರಲ್ಲ, ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು. ವರ್ಷಗಳು ಕಳೆದು ಬೇರೆ ಥರದ ಯಂತ್ರಗಳು ಬಂದವು, ಲೋಕದಲ್ಲಿರುವುದನ್ನೆಲ್ಲ ಓದಿ ತಾವೇ ಮಾತಾಡುವಂಥವು. ಅವುಗಳ ಮೇಲೆ ಅಣ್ಣನಿಗೆ ಎಲ್ಲಿಲ್ಲದ ಕೋಪ. “ಯಾರು ಹೇಳಿದ್ದು ಎಂದು ಕೇಳಿದರೆ ಇವುಗಳ ಬಳಿ ಉತ್ತರವಿಲ್ಲ, ಜ್ಞಾನಕ್ಕೆ ವಾರಸುದಾರ ಇರಬೇಕು” ಎಂದು ಭಾಷಣ ಮಾಡಿದ್ದು ಪತ್ರಿಕೆಯಲ್ಲಿ ಬಂದಿತ್ತು. ಇವರು ಅದನ್ನು ಕತ್ತರಿಸಿ ಇಟ್ಟುಕೊಂಡರು. “ಎಷ್ಟು ಸರಿಯಾಗಿ ಹೇಳಿದಾರೆ ನೋಡು ಮೇಷ್ಟ್ರು” ಅಂದರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ಹೋದ ತಿಂಗಳು ಅಣ್ಣ ಬಂದ. ನಿವೃತ್ತನಾಗಿ ಎರಡು ವರ್ಷವಾಗಿದೆ. ಅವನ ಗೈಡು ಸತ್ತು ಬಹಳ ಕಾಲವಾಯಿತು, ಅವನು ಕಟ್ಟಿದ ಯಂತ್ರ ಗುಜರಿಗೆ ಹೋಗಿದೆ, ಅವನಿಂದ ಕಿತ್ತುಕೊಳ್ಳಲು ಯಾರ ಹತ್ತಿರವೂ ಏನೂ ಉಳಿದಿಲ್ಲ. ಇವರಿಗೆ ಈಗ ಹೃದಯದ ತೊಂದರೆ. ಡಾಕ್ಟರು ಹೆಚ್ಚು ಹೇಳಲಿಲ್ಲ, ಹೇಳಿದಷ್ಟೇ ಸಾಕಾಗಿತ್ತು. ಅದನ್ನು ಕೇಳಿಯೇ ಅಣ್ಣ ಬಂದದ್ದು. ಮಂಚದ ಪಕ್ಕದಲ್ಲಿ ಕೂತು ಇವರ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಈ ಸಲ ಹೇಳುತ್ತಾನೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಹೇಳಲಿ, ಒಂದು ಸಲ ಹೇಳಲಿ, ಹದಿನಾಲ್ಕು ವರ್ಷವನ್ನು ಮನ್ನಿಸುತ್ತೇನೆ ಎಂದು ಬಾಗಿಲ ಬಳಿ ನಿಂತೇ ಇದ್ದೆ.

ಇವರೇ ದಾರಿ ಮಾಡಿಕೊಟ್ಟರು.

“ಮೇಷ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಇನ್ನೂರ ಹದಿನೇಳು ನಾನು ಯಾವತ್ತು ಹೇಳ್ದೆ? ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ. ಹೇಳಿರೋದೇನೋ ನಿಜ. ಆದ್ರೆ ಒಬ್ಬನ ಕಣ್ಣು ಕಳೆದ ಮಾತು, ಆಡಿದ್ದೇ ನೆನಪಿಲ್ಲ ಅಂದ್ರೆ ನಾನೆಂಥ ಮನುಷ್ಯ?”

ಅಣ್ಣ ನನ್ನ ಕಡೆ ನೋಡಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದ. ಆಮೇಲೆ ಇವರ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

“ಒಂದು ಭಾನುವಾರ ಭಾವ. ಮಧ್ಯಾಹ್ನ. ಹೊರಗೆ ಜೋರಾಗಿ ಮಳೆ ಬರ್ತಿತ್ತು. ನೀವು ಕಿಟಕಿ ಹತ್ರ ಸ್ಟೂಲ್ ಮೇಲೆ ಕೂತಿದ್ರಿ. ತುಂಬ ದಣಿದಿದ್ರಿ ಆವತ್ತು. ಅದಕ್ಕೇ ನೆನಪಿಲ್ಲ ನಿಮಗೆ. ನಿಮ್ಮ ತಪ್ಪಲ್ಲ.”

ಇವರು ಕಣ್ಣು ಮುಚ್ಚಿಕೊಂಡರು. ನಿಧಾನವಾಗಿ ಮುಖ ಸಡಿಲಾಯಿತು.

“ಹೌದು” ಅಂದರು. “ಹೌದು ಮೇಷ್ಟ್ರೇ, ಬಂತು ನೋಡಿ ಈಗ. ಸ್ಟೂಲಿನ ಒಂದು ಕಾಲು ಕುಂಟ್ತಿತ್ತು. ಕಾಗದ ಮಡಿಸಿ ಕೆಳಗೆ ಇಟ್ಕೊಂಡಿದ್ದೆ. ಆಗಲೇ ಹೇಳಿದ್ದು. ನಾನೇ ಹೇಳಿದ್ದು. ಅಬ್ಬ, ಈಗ ಸಮಾಧಾನ ಆಯ್ತು.”

ನಮ್ಮ ಮನೆಯಲ್ಲಿ ಆಗ ಸ್ಟೂಲೇ ಇರಲಿಲ್ಲ.